ಒಂದೇ ಮನೆ, ಎರಡು ಟೋಪಿ

ಅಮೆರಿಕದ ಕನೆಕ್ಟಿಕಟ್ ಪುಟ್ಟ ರಾಜ್ಯ. ಪಶ್ಚಿಮಕ್ಕೆ ನ್ಯೂಯಾರ್ಕ್, ಉತ್ತರಕ್ಕೆ ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್. ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಇದಕ್ಕೆ ಸ್ವಂತ ತಂಡವಿಲ್ಲ. ಅಭಿಮಾನವೆಲ್ಲ ನೆರೆಯವರ ಪಾಲು. ನ್ಯೂಯಾರ್ಕಿಗೆ ರೈಲು ಹತ್ತಿ ಕೆಲಸಕ್ಕೆ ಹೋಗುವ ಸ್ಟ್ಯಾಮ್‌ಫರ್ಡ್ ಕಡೆಯವರು ಹೆಚ್ಚಾಗಿ ಯಾಂಕೀಸ್ ಪಕ್ಷ. ಪೂರ್ವಕ್ಕೆ ಸರಿದಂತೆ ರೆಡ್ ಸಾಕ್ಸ್ ಟೋಪಿಗಳು ಹೆಚ್ಚುತ್ತವೆ. ನಡುವಿನ ರಾಜಧಾನಿ ಹಾರ್ಟ್‌ಫರ್ಡ್‌ನಲ್ಲಿ ಮಾತ್ರ ಕಲಸುಮೇಲೋಗರ. ಅಪ್ಪ ಒಂದು ಕಡೆ, ಅಮ್ಮ ಇನ್ನೊಂದು ಕಡೆಯಾದರೆ ಮಗುವಿನ ಪಾಡು ಕೇಳಬೇಡಿ!

ಈ ಜಗಳಕ್ಕೆ ಹಳೆಯ ಬೇರಿದೆ. ಬೇಬ್ ರೂತ್ ಎಂಬ ಅಪ್ರತಿಮ ಆಟಗಾರನನ್ನು ರೆಡ್ ಸಾಕ್ಸ್ 1919ರ ಕೊನೆಯಲ್ಲಿ ಯಾಂಕೀಸ್‌ಗೆ ಮಾರಿತು. 1918ರಲ್ಲಿ ಗೆದ್ದಿದ್ದ ವರ್ಲ್ಡ್ ಸೀರೀಸ್ ಅದಕ್ಕೆ ಮತ್ತೆ ದಕ್ಕಿದ್ದು 2004ರಲ್ಲಿ. ಆ ದಾರಿಯಲ್ಲೇ ಯಾಂಕೀಸ್ ಎದುರು ಮೊದಲ 3 ಪಂದ್ಯ ಸೋತು, ಮುಂದಿನ 4ನ್ನೂ ಗೆದ್ದಿತ್ತು. ಆ ರಾತ್ರಿ ಹಾರ್ಟ್‌ಫರ್ಡ್‌ನ ಎಷ್ಟು ಮನೆಗಳಲ್ಲಿ ಅಣ್ಣ ಕುಣಿದು, ತಮ್ಮ ಮುಖ ಊದಿಸಿಕೊಂಡು ಮಲಗಿದನೋ!