ಕೆನೆಟ್ ನದಿಯಲ್ಲಿ ಮೂರು ನಿಮಿಷ

ರೆಡಿಂಗ್‌ನಲ್ಲಿ ಕೆನೆಟ್ ನದಿ ಥೇಮ್ಸ್ ಸೇರುವ ಜಾಗವನ್ನು ನೋಡಲೆಂದೇ ಯಾರೂ ಬರುವುದಿಲ್ಲ. ರೈಲ್ವೆ ಸೇತುವೆಯಡಿ ನುಸುಳಿ ಬರುವ ಕಂದು ನೀರು, ಕಟ್ಟಿಹಾಕಿದ ದೋಣಿಮನೆಗಳು, ಬ್ರೆಡ್ಡಿಗೆ ಕಾಯುವ ಹಂಸಗಳು, ಇಷ್ಟೇ. ತಂಗಿಯ ಮಗ ಆ ಊರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. "ದೊಡ್ಡಮ್ಮ, ಲಂಡನ್ ನೋಡೋದು ಬಿಟ್ಟು ಹುಳ ನೋಡೋಕೆ ಹೋಗೋಣ ಅಂತೀರಲ್ಲ" ಎಂದು ಗೊಣಗುತ್ತಲೇ ಕಾರು ತೆಗೆದ. ನಾನು ಜೀವಶಾಸ್ತ್ರ ಪಾಠ ಮಾಡಿದವಳು, ಹುಳ ನನಗೆ ಹೊಸದಲ್ಲ. ಹುಳ ಎಣಿಸಲು ತಿಂಗಳಿಗೊಮ್ಮೆ ತಪ್ಪದೆ ನೀರಿಗಿಳಿಯುವ ಜನರನ್ನು ನೋಡಬೇಕಿತ್ತು.

ಬಾತ್ ರಸ್ತೆ ಹಿಡಿದು ಪಶ್ಚಿಮಕ್ಕೆ, ಅಂದರೆ ನದಿಯ ಹರಿವಿಗೆ ಎದುರಾಗಿ ಹೊರಟೆವು. ನ್ಯೂಬರಿಯವರೆಗೆ ನದಿ ಒಂಟಿಯಲ್ಲ. 1810ರಲ್ಲಿ ಪೂರ್ತಿಯಾದ ಕೆನೆಟ್–ಏವನ್ ಕಾಲುವೆ ಅದರೊಡನೆ ಕೂಡುತ್ತ ಅಗಲುತ್ತ ಸಾಗುತ್ತದೆ, ತನ್ನ ಕೆಸರನ್ನೂ ಅದಕ್ಕೆ ಬೆರೆಸುತ್ತದೆ. ಹಂಗರ್‌ಫರ್ಡ್ ದಾಟಿದ ಮೇಲೆ ಕಾಲುವೆ ಬೇರೆ ದಾರಿ ಹಿಡಿಯುತ್ತದೆ. ಅಲ್ಲಿಂದ ಮೇಲಿನ ಕೆನೆಟ್ ಬೇರೆಯೇ ನದಿ. ನೀರು ಎಷ್ಟು ತಿಳಿ ಎಂದರೆ ತಳದ ಕಲ್ಲುಗಳ ಬಣ್ಣ ಸೇತುವೆಯ ಮೇಲಿನಿಂದಲೇ ಕಾಣುತ್ತದೆ. ಇದು ಸೀಮೆಸುಣ್ಣದ ಗುಡ್ಡಗಳು ಹೆತ್ತ ಹೊಳೆ. ಮಳೆನೀರು ಗುಡ್ಡದೊಳಗೆ ಇಂಗಿ, ಸೋಸಿ, ತಿಂಗಳುಗಳ ನಂತರ ಒರತೆಯಾಗಿ ಹೊರಬರುತ್ತದೆ. ಹಾಗಾಗಿ ಬೇಸಿಗೆ ಚಳಿಗಾಲವೆನ್ನದೆ ಒರತೆಯ ನೀರು ಹೆಚ್ಚುಕಡಿಮೆ ಒಂದೇ ತಂಪು. ಜಗತ್ತಿನಲ್ಲಿ ಇಂಥವು ಸುಮಾರು ಇನ್ನೂರು ಮಾತ್ರ, ಬಹುಪಾಲು ಇಂಗ್ಲೆಂಡಿನಲ್ಲೇ ಇವೆ. ಮಳೆಗಾಲದಲ್ಲಿ ತುಂಗೆ ಕೆಂಪಾಗಿ ಉಕ್ಕುವುದನ್ನು ನೋಡಿ ಬೆಳೆದ ನನಗೆ ಇದು ಹೊಳೆಯೇ ಅಲ್ಲವೇನೋ ಅನ್ನಿಸಿತು. ಸದ್ದಿಲ್ಲ, ಅಬ್ಬರವಿಲ್ಲ. ನೀರಿನ ಮೇಲೆಲ್ಲ ಬಿಳಿ ಹೂ ಬಿಟ್ಟ ಜೊಂಡು ಹಬ್ಬಿತ್ತು.

ಮಾರ್ಲ್‌ಬರೊ ಊರಿನಿಂದ ಸ್ವಲ್ಪ ಕೆಳಗೆ, ಹುಲ್ಲುಗಾವಲಿನ ಅಂಚಿನಲ್ಲಿ ಸ್ವಯಂಸೇವಕರು ಸಿಕ್ಕರು. ನಿವೃತ್ತ ಅಂಚೆ ನೌಕರರೊಬ್ಬರು, ಶಾಲಾ ಶಿಕ್ಷಕಿಯೊಬ್ಬರು, ಮೀನು ಹಿಡಿಯುವ ಗೀಳಿನ ಯುವಕನೊಬ್ಬ. ಈ ಕೆಲಸವನ್ನು ಹುಟ್ಟುಹಾಕಿದ್ದೇ ಗಾಳ ಹಾಕುವವರು. ಟ್ರೌಟ್ ಮೀನು ಹಿಡಿಯಲು ಅವರು ಬಳಸುವುದು ನೊಣದಂತೆ ಕಟ್ಟಿದ ನೂಲು ಪುಕ್ಕದ ಕೊಕ್ಕೆ. ಯಾವ ಕೀಟ ಯಾವ ವಾರ ಹಾರುತ್ತದೆಂದು ತಿಳಿಯದೆ ಅವರ ಆಟ ನಡೆಯದು. ಕೀಟಗಳು ಕಡಿಮೆಯಾದಾಗ ಮೊದಲು ಗಾಬರಿಯಾದವರೂ ಅವರೇ. ಅವರ ಆತಂಕಕ್ಕೆ 2007ರಲ್ಲಿ ದೇಶವ್ಯಾಪಿ ತಪಾಸಣೆಯ ರೂಪ ಬಂತು.

ವಿಧಾನ ಸರಳ. ಎದೆಮಟ್ಟದ ರಬ್ಬರು ಷರಾಯಿ ತೊಟ್ಟು ಶಿಕ್ಷಕಿ ಹೊಳೆಗಿಳಿದರು. ಬಲೆಯನ್ನು ಹರಿವಿನ ಕೆಳಗೆ ಹಿಡಿದು, ಹಿಮ್ಮಡಿಯಿಂದ ತಳದ ಜಲ್ಲಿಯನ್ನು ಕೆದಕುತ್ತ ಮೂರು ನಿಮಿಷ ಅತ್ತಿತ್ತ ಸರಿದಾಡಿದರು. ದಡದಲ್ಲಿ ಯುವಕ ಗಡಿಯಾರ ಹಿಡಿದಿದ್ದ. ಆಮೇಲೆ ಒಂದು ನಿಮಿಷ ಕಲ್ಲುಗಳನ್ನು ಎತ್ತಿ ಕೈಯಿಂದ ಉಜ್ಜುವ ಕೆಲಸ. ಬಲೆಗೆ ಬಿದ್ದದ್ದನ್ನೆಲ್ಲ ಬಿಳಿ ತಟ್ಟೆಗೆ ಸುರಿದಾಗ ಕಂಡದ್ದು ಬರೀ ಕಸ. ಅರೆನಿಮಿಷದಲ್ಲಿ ಕಸ ನಡೆಯಲು ಶುರುಮಾಡಿತು.

ಅವರು ಎಣಿಸುವುದು ಎಂಟೇ ಗುಂಪು. ಮರಳುಕಾಳನ್ನೂ ಕಡ್ಡಿಚೂರನ್ನೂ ಅಂಟಿಸಿ ಗೂಡು ಹೊತ್ತು ತಿರುಗುವ ಕ್ಯಾಡಿಸ್ ಮರಿ, ಗೂಡಿಲ್ಲದ ಕ್ಯಾಡಿಸ್, ನಾಲ್ಕು ಬಗೆಯ ಮೇಫ್ಲೈ, ಎರಡು ಬಾಲದ ಸ್ಟೋನ್‌ಫ್ಲೈ, ಮತ್ತೆ ಕೀಟವೇ ಅಲ್ಲದ ಗ್ಯಾಮರಸ್ ಎಂಬ ಪುಟ್ಟ ಸಿಗಡಿ. ಒಂದರಿಂದ ಒಂಬತ್ತು ಸಿಕ್ಕರೆ ಒಂದು ಅಂಕ, ತೊಂಬತ್ತೊಂಬತ್ತರವರೆಗೆ ಎರಡು, ನೂರು ದಾಟಿದರೆ ಮೂರು, ಸಾವಿರ ದಾಟಿದರೆ ನಾಲ್ಕು. ಕೂಡಿದ ಮೊತ್ತ ಆ ಜಾಗಕ್ಕೆ ಮೊದಲೇ ನಿಗದಿಯಾದ ಮಿತಿಗಿಂತ ಇಳಿದರೆ ಪರಿಸರ ಇಲಾಖೆಗೆ ಕರೆ ಹೋಗುತ್ತದೆ. ನನ್ನ ಮುಂದೆ ಭೂತಗನ್ನಡಿ ಇಟ್ಟ ಅಂಚೆಯ ಯಜಮಾನರು, ದೊಡ್ಡ ಮೇಫ್ಲೈ ಮರಿಯೊಂದನ್ನು ಚಮಚದಲ್ಲಿ ಎತ್ತಿ ತೋರಿಸಿದರು. ಹೊಟ್ಟೆಯ ಎರಡೂ ಬದಿ ಗರಿಯಂಥ ಕಿವಿರುಗಳು ಅಲೆಯಾಡುತ್ತಿದ್ದವು. ಕೆಸರಿನಲ್ಲಿ ಎರಡು ವರ್ಷ ಬಾಳಿ, ರೆಕ್ಕೆ ಬಂದ ಮೇಲೆ ಏನನ್ನೂ ತಿನ್ನದೆ ಎರಡು ಮೂರು ದಿನದಲ್ಲೇ ಮುಗಿಯುವ ಜೀವ ಅದು.

ಬಲೆಯಲ್ಲಿ ಒಂದು ದಪ್ಪ ಕೊಂಡಿಯ ಕ್ರೇಫಿಶ್ ಕೂಡ ಬಂದಿತ್ತು. ಅಮೆರಿಕದಿಂದ ತಂದು ಸಾಕಿದ್ದು ತಪ್ಪಿಸಿಕೊಂಡು ದಡ ಕೊರೆಯುತ್ತಿರುವ ಜಾತಿ. ಹಿಡಿದ ಮೇಲೆ ಮತ್ತೆ ನೀರಿಗೆ ಬಿಡುವುದು ಕಾನೂನಿಗೆ ವಿರುದ್ಧ. "ಸಾರು ಮಾಡಬಹುದು" ಎಂದ ನಮ್ಮ ಹುಡುಗ, ಕನ್ನಡದಲ್ಲೇ, ನನಗೆ ಮಾತ್ರ ಕೇಳುವ ಹಾಗೆ.

ತಟ್ಟೆಯ ಮೂಲೆಯಲ್ಲಿ ಸಿಗಡಿಗಳು ಮಗ್ಗುಲಾಗಿ ಸರಸರ ಓಡುತ್ತಿದ್ದವು. 2013ರ ಬೇಸಿಗೆಯಲ್ಲಿ ಇಲ್ಲಿ ಅವು ಇಲ್ಲವೇ ಇಲ್ಲ ಎಂಬಂತಾಗಿದ್ದವಂತೆ. ಆ ಜುಲೈ ಆರಂಭದಲ್ಲಿ ಮಾಮೂಲಿನಂತೆ ತಪಾಸಣೆಗೆ ಇಳಿದವರ ತಟ್ಟೆಗೆ ಏನೂ ಬೀಳಲಿಲ್ಲ. ನೀರು ಎಂದಿನಂತೆ ತಿಳಿ, ಮೀನುಗಳೂ ಈಜುತ್ತಿದ್ದವು. ಕಾರಣ ಕ್ಲೋರೋಪೈರಿಫಾಸ್ ಕೀಟನಾಶಕ. ಊರಿನ ಒಳಚರಂಡಿ ಶುದ್ಧೀಕರಣ ಘಟಕದ ಮೂಲಕ ಹೊಳೆಗೆ ಬಂದದ್ದು ಒಂದೆರಡು ಚಮಚದಷ್ಟಿರಬಹುದೆಂಬ ಅಂದಾಜು. ಕೆಳಗಿನ ಸುಮಾರು 15 ಕಿಲೋಮೀಟರ್ ಹೊಳೆಯಲ್ಲಿ ಕೀಟ, ಸಿಗಡಿ ಸತ್ತವು. ಮೇಯುವ ಜೀವಿಗಳಿಲ್ಲದೆ ಕಲ್ಲಿನ ಮೇಲೆ ಪಾಚಿ ಕೊಬ್ಬಿತು. ಹಾರಬಲ್ಲ ಕೀಟಗಳು ಮೇಲಿನ ಹೊಳೆಯಿಂದ ಬಂದು ಮೊಟ್ಟೆಯಿಟ್ಟಾವು. ರೆಕ್ಕೆಯಿಲ್ಲದ ಸಿಗಡಿ ಅಲ್ಲಿಂದ ತೇಲಿಯೋ ತೆವಳಿಯೋ ಬರಬೇಕು.

ಪ್ರಯೋಗಾಲಯಕ್ಕೆ ಒಯ್ದ ಒಂದು ಬಾಟಲಿ ನೀರು ಆ ಗಳಿಗೆಯ ಸಂಗತಿ ಮಾತ್ರ ಹೇಳುತ್ತದೆ. ವಿಷ ನಿನ್ನೆಯೇ ಹರಿದು ಹೋಗಿದ್ದರೆ ಬಾಟಲಿ ಸುಮ್ಮನಿರುತ್ತದೆ. ಹುಳಗಳು ಹಾಗಲ್ಲ, ತಿಂಗಳುಗಟ್ಟಲೆ ಅಲ್ಲೇ ಇದ್ದವು. ಆದರೆ ಹಿಂದಿನ ತಿಂಗಳ ಲೆಕ್ಕ ಬರೆದಿಟ್ಟವರು ಇಲ್ಲದಿದ್ದರೆ ಖಾಲಿ ತಟ್ಟೆಗೂ ಅರ್ಥವಿಲ್ಲ. ಏನೂ ಆಗದ ತಿಂಗಳುಗಳಲ್ಲೂ ಚಳಿಯಲ್ಲಿ ನಿಂತು ಎಣಿಸಿದ್ದಾರಲ್ಲ, ಈ ಜನರ ದೊಡ್ಡಸ್ತಿಕೆ ಇರುವುದು ಅಲ್ಲಿ ಎಂದು ನನಗನ್ನಿಸಿತು. ನಮ್ಮಲ್ಲಿ ವಿದ್ಯೆಗೆ ಬರವಿಲ್ಲ. ಕೆ.ಎ. ಸುಬ್ರಮಣಿಯನ್ ಮತ್ತು ಕೆ.ಜಿ. ಶಿವರಾಮಕೃಷ್ಣನ್ ಬರೆದ ಜಲಕೀಟ ತಪಾಸಣೆಯ ಕೈಪಿಡಿಯನ್ನು ಬೆಂಗಳೂರಿನ ಏಟ್ರೀ ಸಂಸ್ಥೆ ಪ್ರಕಟಿಸಿದ್ದೂ 2007ರಲ್ಲೇ. ತಿಂಗಳು ತಿಂಗಳು ಹೊಳೆಗಿಳಿಯುವ ಕಾಲುಗಳು ಬೇಕು.

ಆವತ್ತಿನ ಮೊತ್ತ ಮಿತಿಗಿಂತ ಸಾಕಷ್ಟು ಮೇಲಿತ್ತು. ಹುಳಗಳನ್ನು ಹೊಳೆಗೆ ಬಿಟ್ಟು, ಬಲೆ ತೊಳೆದು ಒಣಹಾಕಿದರು. ಒಂದು ಹೊಳೆಯ ರೋಗ ಇನ್ನೊಂದಕ್ಕೆ ಹೋಗಬಾರದೆಂಬ ಮಡಿ ಅದು.

ವಾಪಸು ಬರುವಾಗ ಹುಡುಗ ಮೌನವಾಗಿದ್ದ. ಬ್ರಿಟನ್ನಿನಲ್ಲಿ ಆ ಕೀಟನಾಶಕದ ಬಹುಪಾಲು ಬಳಕೆ 2016ರಲ್ಲೇ ನಿಂತಿತು ಎಂದು ಶಿಕ್ಷಕಿ ಹೇಳಿದ್ದು ಅವನ ತಲೆಯಲ್ಲಿ ಕೂತಿರಬೇಕು. ಹಂಗರ್‌ಫರ್ಡ್‌ನಲ್ಲಿ ಚಹಾಕ್ಕೆ ನಿಲ್ಲಿಸಿ ಊರಿಗೆ ಫೋನ್ ಮಾಡಿದ. ಅಲ್ಲಿ ದೀಪ ಹಚ್ಚುವ ಹೊತ್ತು.

"ಅಪ್ಪ, ಕ್ಲೋರೋಪೈರಿಫಾಸ್ ಡಬ್ಬ ನಮ್ಮ ಶೆಡ್ಡಲ್ಲಿ ಇದೆಯಾ?"

"ಇದೆ. ಗೆದ್ದಲಿಗೆ ತಂದಿದ್ದು. ಅರ್ಧ ಉಳಿದಿದೆ."

"ಹೊಡೆದ ಮೇಲೆ ಪಂಪು ಎಲ್ಲಿ ತೊಳಿತೀರಿ?"

"ಹಳ್ಳದಲ್ಲಿ. ಮತ್ತೆಲ್ಲಿ ತೊಳೀತಾರೆ ಮಾರಾಯ?"