ಬೀಗ ಹಾಕಿದ ಪುಟಗಳು

ಸಮ್ಮೇಳನದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಘದ ಕಾರ್ಯದರ್ಶಿಗಳು ಕೇಳಿದಾಗ, ಗಡಿನಾಡಿನ ಕನ್ನಡ ಶಾಲೆಗಳನ್ನು ಕುರಿತು ನಾವು ಬರೆಯುವೆವೆಂದು ಅವರು ಎಣಿಸಿದ್ದಿರಬೇಕು. ನಾವು ಬರೆಯಹೊರಟಿರುವುದಾದರೋ ಕಂಪ್ಯೂಟರಿನ ನೆನಪಿಗೆ ಬೀಗ ಹಾಕುವ ವಿದ್ಯೆಯನ್ನು ಕುರಿತು. ಜೀವಮಾನವೆಲ್ಲ ಚರಿತ್ರೆಯ ಪಾಠ ಹೇಳಿದ ಮುಖ್ಯೋಪಾಧ್ಯಾಯರಿಗೆ ಈ ಉಸಾಬರಿ ಏಕೆಂದು ಓದುಗರು ಕೇಳಬಹುದು. ಕಲ್ಯಾಣದುರ್ಗದ ಮನೆಯಿಂದ ಹಿಂದೂಪುರಕ್ಕೆ ನಾವು ತಂದಿಟ್ಟುಕೊಂಡಿರುವ ಹಳೆಯ ಟ್ರಂಕೊಂದು ಅದಕ್ಕೆ ಕಾರಣ.

ನಮ್ಮ ಮೊಮ್ಮಗಳು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ. ಕಳೆದ ದಸರೆಗೆ ಬಂದಾಗ, ನಿನ್ನ ಕೆಲಸವೇನೆಂದು ಕೇಳಿದೆವು. ಯಂತ್ರಕ್ಕೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು, ಯಾರಿಗೆ ಎಷ್ಟು ಜಾಗ, ಯಾರಿಗೆ ಯಾವ ಸರದಿ ಎಂದು ನಿರ್ಣಯಿಸುವ ಮೂಲ ತಂತ್ರಾಂಶಕ್ಕೆ ಕರ್ನೆಲ್ ಎಂದು ಹೆಸರು. ಲಿನಕ್ಸ್ ಎಂಬ ಕರ್ನೆಲ್ಲಿನಲ್ಲಿ ನೆನಪಿನ ಗೂಢಲಿಪೀಕರಣ ನಡೆಯುವ ಬಗೆಯನ್ನು ತಾನು ಅಭ್ಯಾಸ ಮಾಡುತ್ತಿರುವೆನೆಂದಳು. ನಮಗೆ ತಿಳಿಯುವಂತೆ ಹೇಳೆಂದೆವು. ಎರಡು ಸಂಜೆ ಹಿಡಿಯಿತು.

ಕಂಪ್ಯೂಟರು ಕೆಲಸ ಮಾಡುವಾಗ ಎಲ್ಲವನ್ನೂ ರ್‍ಯಾಮ್ ಎಂಬ ನೆನಪಿನಲ್ಲಿ ಹರಡಿಕೊಳ್ಳುತ್ತದೆ. ಡಿಸ್ಕಿಗೆ ಬೀಗವಿದ್ದರೂ ರ್‍ಯಾಮಿನಲ್ಲಿ ಎಲ್ಲವೂ ಬಯಲು. ವಿದ್ಯುತ್ತು ಹೋದೊಡನೆ ಅದು ಅಳಿಸಿಹೋಗುವುದೆಂದು ಜನ ನಂಬಿದ್ದರು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರೂ ಅವರ ಸಹಚರರೂ 2008ರಲ್ಲಿ ಆ ನಂಬಿಕೆಯನ್ನು ಕೆಡವಿದರು. ರ್‍ಯಾಮಿನ ಬಿಲ್ಲೆಯನ್ನು ಸುಮಾರು ಮೈನಸ್ 50 ಡಿಗ್ರಿಗೆ ತಣ್ಣಗಾಗಿಸಿದರೆ, ಕಿತ್ತು ಬೇರೆ ಯಂತ್ರಕ್ಕೆ ಹಾಕಿ ಓದುವಷ್ಟು ಹೊತ್ತು ಅಕ್ಷರಗಳು ಉಳಿದಿರುತ್ತವೆಂದು ತೋರಿಸಿಕೊಟ್ಟರು.

ಇದಕ್ಕೆ ಪರಿಹಾರವಾಗಿ ಎಎಂಡಿ ಕಂಪನಿಯು 2016ರಲ್ಲಿ ಒಂದು ಏರ್ಪಾಡನ್ನು ಪ್ರಕಟಿಸಿ, 2017ರಲ್ಲಿ ಎಪಿಕ್ ಎಂಬ ತನ್ನ ಪ್ರೊಸೆಸರುಗಳಲ್ಲಿ ಅಳವಡಿಸಿತು. ರ್‍ಯಾಮಿಗೆ ಹೋಗುವ ಬಾಗಿಲಲ್ಲೇ ಗೂಢಲಿಪಿಯ ಯಂತ್ರವೊಂದು ಕುಳಿತಿರುತ್ತದೆ. ಹೋಗುವಾಗ ಅಕ್ಷರ ಗೂಢವಾಗುತ್ತದೆ, ಬರುವಾಗ ತಿಳಿಯಾಗುತ್ತದೆ. ಪ್ರತಿ ಸಲ ಯಂತ್ರ ಎದ್ದಾಗಲೂ ಹೊಸ ಕೀಲಿ ಹುಟ್ಟುತ್ತದೆ. ಅದು ಕರ್ನೆಲ್ಲಿನ ಕಣ್ಣಿಗೂ ಬೀಳುವುದಿಲ್ಲ. ನೆನಪನ್ನು 4096 ಬೈಟುಗಳ ಪುಟಗಳಾಗಿ ವಿಂಗಡಿಸಿ, ಯಾವ ಪುಟ ಎಲ್ಲಿದೆಯೆಂಬ ಪಟ್ಟಿಯನ್ನು ಕರ್ನೆಲ್ ಇಟ್ಟುಕೊಂಡಿರುತ್ತದೆ. ಆ ಪಟ್ಟಿಯಲ್ಲಿ ಒಂದು ಬಿಟ್ಟಿನ ಗುರುತು ಹಾಕಿದರೆ ಆ ಪುಟಕ್ಕೆ ಬೀಗ, ಹಾಕದಿದ್ದರೆ ಬಯಲು.

‘ಒಂದು ಗುರುತು ತಾನೆ? ಎಲ್ಲಕ್ಕೂ ಹಾಕಿಬಿಟ್ಟರಾಯಿತು’ ಎಂದೆವು. ಆಕೆ ನಕ್ಕಳು. ‘ಬೀಗ ಹಾಕೋದು ಕಷ್ಟವಲ್ಲ ತಾತ, ಯಾವುದಕ್ಕೆ ಹಾಕಬಾರದು ಅಂತ ತಿಳಿಯೋದೇ ಕಷ್ಟ.’ ಕರ್ನೆಲ್ ಏಳುವ ಮುನ್ನವೇ ಯಂತ್ರವು ಕೆಲವು ವಿವರಗಳನ್ನು ನೆನಪಿನಲ್ಲಿ ಬಯಲಾಗಿ ಬರೆದಿಟ್ಟಿರುತ್ತದೆ. ಅವನ್ನು ಬಯಲಾಗಿಯೇ ಓದಬೇಕು. ಗುರುತಿನ ಬಿಟ್ಟಿನವರೆಗೆ ವಿಳಾಸ ಹೇಳಲಾರದ ಉಪಕರಣಗಳಿಗೆ ಬೀಗವಿಲ್ಲದ ಜಗಲಿಯೊಂದನ್ನು ಬಿಟ್ಟು, ಕೊಡುಕೊಳ್ಳುವಿಕೆಯನ್ನು ಅಲ್ಲಿಯೇ ನಡೆಸಬೇಕು. ಎಲ್ಲಕ್ಕೂ ಮೊದಲು, ಬಯಲಿನಲ್ಲಿ ಕುಳಿತಿರುವ ಕರ್ನೆಲ್ ತನ್ನನ್ನು ತಾನೇ ಕುಳಿತಲ್ಲಿಯೇ ಗೂಢಲಿಪಿಗೆ ತಿರುಗಿಸಿಕೊಳ್ಳಬೇಕು. ಎಎಂಡಿಯ ಟಾಮ್ ಲೆಂಡಾಕಿ ಎಂಬವರು 2016ರಲ್ಲಿ ಕಳುಹಿಸತೊಡಗಿದ ಬರಹ, ಬೇರೆಯವರ ಆಕ್ಷೇಪಣೆಗಳಿಗೆ ತಕ್ಕಂತೆ ಮತ್ತೆ ಮತ್ತೆ ತಿದ್ದಿಸಿಕೊಂಡು, 2017ರ ನವೆಂಬರಿನಲ್ಲಿ ಬಂದ ಲಿನಕ್ಸ್ 4.14ರಲ್ಲಿ ಸೇರಿತು. ಉತ್ತರಪತ್ರಿಕೆಗಳನ್ನು ತಿದ್ದಿದ ನಮಗೆ ಆ ಭಾಗ ಬಹಳ ಹಿಡಿಸಿತು.

ಕೊನೆಗೆ ಆಕೆ ಹೇಳಿದ ಒಂದು ಮಾತು ನಮ್ಮ ನಿದ್ದೆಯನ್ನು ಕೆಡಿಸಿತು. ಬೀಗವಿರುವ ಪುಟವನ್ನು ಗುರುತಿಲ್ಲದೆ ಓದಹೋದರೆ ‘ನನಗೆ ಓದಲು ಬಾರದು’ ಎಂದು ಯಂತ್ರ ಹೇಳುವುದಿಲ್ಲವಂತೆ. ಅರ್ಥವಿಲ್ಲದ ಅಕ್ಷರಗಳನ್ನೇ ನಿಜವೆಂಬಂತೆ ತಂದು ಒಪ್ಪಿಸುತ್ತದಂತೆ. ನಾವು 1991ರಲ್ಲಿ ಮಾಡಿದ್ದೂ ಅದನ್ನೇ.

ನಮ್ಮ ತಾತನವರು ಕಲ್ಯಾಣದುರ್ಗದ ಹತ್ತಿರದ ಹಳ್ಳಿಯೊಂದರ ಕರಣಂ. ಮೈಸೂರು ಸೀಮೆಯಲ್ಲಿ ಶಾನುಭೋಗರೆನ್ನುವುದು ಇದೇ ಹುದ್ದೆಯನ್ನು. ಮನೆಯ ಖಾಸಗಿ ಲೆಕ್ಕವನ್ನು ಅವರು ಕನ್ನಡದ ಮೋಡಿ ಅಕ್ಷರದಲ್ಲಿ, ಕೈಯೆತ್ತದೆ ಒಂದೇ ಓಟದಲ್ಲಿ, ಮಾತುಗಳನ್ನು ಮೊಟಕುಗೊಳಿಸಿ ಬರೆಯುತ್ತಿದ್ದರು. ತಂದೆಯವರು ಅದನ್ನು ಓದಬಲ್ಲವರಾಗಿದ್ದರು. 1984ರಲ್ಲಿ ಆಂಧ್ರ ಸರ್ಕಾರವು ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಪಡಿಸಿದ ಮೇಲೆ, ಇನ್ನು ಈ ವಿದ್ಯೆ ಯಾರಿಗೆ ಬೇಕೆಂದು ಅವರು ಕಲಿಸಲಿಲ್ಲ. ನಾವೂ ಕೇಳಲಿಲ್ಲ. ಎರಡು ವರ್ಷಕ್ಕೆ ಅವರು ತೀರಿಕೊಂಡರು. ಕೀಲಿಯೂ ಅವರೊಡನೆ ಹೋಯಿತು.

1991ರ ಬೇಸಗೆಯಲ್ಲಿ ರೈತರೊಬ್ಬರು ನಮ್ಮ ಮನೆಗೆ ಬಂದರು. ತಮ್ಮ ತಾತ ಎರಡು ಎಕರೆ ಕಡಲೆಕಾಯಿ ಹೊಲವನ್ನು ನಮ್ಮ ತಾತನವರಿಗೆ ಭೋಗ್ಯಕ್ಕೆ ಹಾಕಿದ್ದರೆಂದೂ, ಹಣ ತೀರಿದ್ದರೂ ಹೊಲ ಹಿಂದಿರುಗಲಿಲ್ಲವೆಂದೂ ಹೇಳಿದರು. ‘ನಿಮ್ಮ ತಾತನವರ ಪುಸ್ತಕದಲ್ಲಿ ಇರುತ್ತೆ, ನೋಡಿ ಸ್ವಾಮಿ’ ಎಂದರು. ಪುಸ್ತಕವನ್ನು ತೆರೆದು, ಒಂದಕ್ಷರವೂ ತಿಳಿಯದೆ, ‘ಹಾಗೇನೂ ಬರೆದಿಲ್ಲ’ ಎಂದುಬಿಟ್ಟೆವು. ಮುಖ್ಯೋಪಾಧ್ಯಾಯರಿಗೆ ಓದಲು ಬಾರದೆಂದು ಹೇಳಲು ನಾಲಗೆ ಏಳಲಿಲ್ಲ. ಅವರು ಕೈಮುಗಿದು ಹೊರಟುಹೋದರು. ಆ ಹೊಲವನ್ನು ಕೋರಿಗೆ ಕೊಟ್ಟು, ಬಂದ ಫಲವನ್ನು ಇಂದಿನವರೆಗೆ ಉಂಡಿದ್ದೇವೆ.

ದಸರೆ ಕಳೆದ ಮೇಲೆ ಟ್ರಂಕನ್ನು ತೆರೆದೆವು. ತಾತನವರ ಕೆಲವು ಲೆಕ್ಕಗಳನ್ನು ತಂದೆಯವರು ಸಾಮಾನ್ಯ ಕನ್ನಡದಲ್ಲಿ ನಕಲು ಮಾಡಿದ ಚೀಟಿಗಳು ಅದರಲ್ಲಿದ್ದವು. ಆ ಚೀಟಿಗಳನ್ನು ಪುಸ್ತಕದ ಪಕ್ಕದಲ್ಲಿಟ್ಟುಕೊಂಡು, ಒಂದನೆಯ ತರಗತಿಯ ಹುಡುಗನಂತೆ ತಿದ್ದುತ್ತಾ ನಾಲ್ಕು ತಿಂಗಳು ಕುಳಿತೆವು. ತೀರಿದ ಲೆಕ್ಕಗಳ ಮುಂದೆಲ್ಲ ಬಾಲವಿರುವ ಒಂದು ‘ಸ’ಕಾರವಿದೆ, ‘ಸಂದಿತು’ ಎಂಬುದರ ಮೊಟಕು ಅದು. ತೀರದ ಲೆಕ್ಕದ ಮುಂದೆ ಬರಿಯ ಅಡ್ಡಗೆರೆ. ಆ ರೈತರ ತಾತನ ಹೆಸರು ಒಂದು ಪುಟದ ಮಧ್ಯದಲ್ಲಿ ಸಿಕ್ಕಿತು. ಅದರ ಮುಂದೆ ಬಾಲದ ‘ಸ’ಕಾರವಿತ್ತು.

ಕಲ್ಯಾಣದುರ್ಗಕ್ಕೆ ಹೋಗಿ ವಿಚಾರಿಸಿದೆವು. ಆ ರೈತರು ಈಗಿಲ್ಲ, ಮಗನಿದ್ದಾನೆ. ಪುಸ್ತಕವನ್ನು ತೋರಿಸಿ, ಓದಿ ಹೇಳಿ, ಹೊಲವನ್ನು ಅವನ ಹೆಸರಿಗೆ ಬರೆದುಕೊಡುವೆವೆಂದೆವು. ಅವನು ಬಹಳ ಹೊತ್ತು ಆ ಪುಟವನ್ನೇ ನೋಡುತ್ತಿದ್ದು, ‘ಅಪ್ಪ ಸಾಯೋವರೆಗೂ ತಾತ ಸುಳ್ಳು ಹೇಳಿದ್ದ ಅಂತಲೇ ಅಂದ್ಕೊಂಡಿದ್ದ’ ಎಂದ. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಪತ್ರಗಳ ಕೆಲಸ ನಡೆದಿದೆ. ಪುಸ್ತಕದಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಪುಟಗಳು ಉಳಿದಿವೆ. ಅವುಗಳಲ್ಲಿ ಇನ್ನಾರ ಹೆಸರಿದೆಯೋ ತಿಳಿಯದು. ಸಂಘದ ಸದಸ್ಯರಲ್ಲಿ ಮೋಡಿ ಬಲ್ಲ ಹಿರಿಯರಿದ್ದರೆ ಸಮ್ಮೇಳನದ ದಿನ ನಮ್ಮನ್ನು ಕಾಣಬೇಕೆಂದು ಪ್ರಾರ್ಥನೆ. ಪುಸ್ತಕವನ್ನು ಜೊತೆಗೇ ತರುತ್ತೇವೆ. ಮನೆಯಲ್ಲಿ ಇಂತಹ ಪುಸ್ತಕವಿರುವವರು ಮಕ್ಕಳನ್ನೂ ಕರೆತಂದರೆ ಒಳ್ಳೆಯದು. ಕಲಿತಷ್ಟನ್ನು ಕಲಿಸಲು ನಾವು ಸಿದ್ಧರಿದ್ದೇವೆ.