ನಾಯಿಗೂ ಗಾಡಿಯಲ್ಲಿ ಜಾಗ

ಕುರಿ ಇದ್ದಲ್ಲಿ ನಾಯಿ ಇರಬೇಕು. ಇದನ್ನು ಜತ್ತ ತಾಲೂಕಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಮಾಡಗ್ಯಾಳದ ಹೆಸರನ್ನೇ ಹೊತ್ತ ಕುರಿಯ ತಳಿ ಇದೆ. ಬಾಗಿದ ಮೂಗಿನ, ಎತ್ತರದ ಆ ಟಗರನ್ನು ಕೊಳ್ಳಲು ದೂರದೂರದಿಂದ ಜನ ಬರುತ್ತಾರೆ, ಮೈದಡವಿ ನೋಡುತ್ತಾರೆ. ರಾತ್ರಿಯೆಲ್ಲ ಎಚ್ಚರಿದ್ದು ತೋಳದಿಂದ, ಕಳ್ಳರಿಂದ ಅದನ್ನು ಕಾಯ್ದ ನಾಯಿಯ ಕಡೆ ಮಾತ್ರ ಯಾರ ಕಣ್ಣೂ ಹೋಗುವುದಿಲ್ಲ.

ಮೇವು ಮುಗಿದಾಗ ಕುರಿಗಾರರು ಕೃಷ್ಣಾ ದಂಡೆಯ ಕಡೆ ಇಳಿಯುವುದು ಹಿಂದಿನಿಂದ ಬಂದ ರೂಢಿ. ಈಗಲೂ ಬಹಳ ಮಂದಿ ನಡೆದೇ ಹೋಗುತ್ತಾರೆ. ಆದರೆ ಎಳೆಮರಿ, ಮುದಿ ಕುರಿ, ಗಂಟುಮೂಟೆ, ವಯಸ್ಸಾದವರು ಇದ್ದರೆ ಗಾಡಿ ಹಿಡಿಯುತ್ತಾರೆ. ನಾನು ಬಾಡಿಗೆ ಪಿಕಪ್ ಹೊಡೆಯುವವನು. ಡಫಳಾಪುರ, ಕವಠೆ ಮಹಾಂಕಾಳ ದಾಟಿ ಮಿರಜಿನ ಕಡೆಗೆ ಇಂಥ ಬಾಡಿಗೆ ನನಗೆ ವರ್ಷವೂ ಸಿಗುತ್ತದೆ. ದೀಪಾವಳಿಗೆ ಹುಲಜಂತಿ ಮಹಾಲಿಂಗರಾಯನ ಜಾತ್ರೆಗೂ ಕುರಿಗಾರರನ್ನು ಒಯ್ಯುತ್ತೇನೆ. ಎಲ್ಲಿಗೇ ಹೋಗಲಿ, ಗಾಡಿ ಗೊತ್ತುಮಾಡುವಾಗ ಎಲ್ಲ ಡ್ರೈವರರೂ ಆಡುವ ಮಾತೊಂದು ಇದೆ: "ಕುರಿ ಹತ್ತಸ್ರಿ, ನಾಯಿ ಬ್ಯಾಡ. ಗಾಡಿ ಹೊಲಸ ಆಗತೈತಿ."

ಈ ಮಾತಿನ ಬೆಲೆ ಏನೆಂದು ನನಗೆ ತಿಳಿಸಿದವರು ಒಬ್ಬ ಮುದುಕರು. ನನ್ನ ಪಕ್ಕದ ಸೀಟಿನಲ್ಲಿ ಕೂತಿದ್ದರು, ಕಾಲಬುಡದಲ್ಲಿ ಒಂದು ಎಳೆ ನಾಯಿಮರಿ. ಹಿಂದಿನ ವರ್ಷ ಬೇರೆ ಯಾವುದೋ ಗಾಡಿ ಹಿಡಿದಿದ್ದರಂತೆ. ಡ್ರೈವರ ನಾಯಿಗೆ ಒಪ್ಪಲಿಲ್ಲ. ದಾರಿ ಗೊತ್ತಿದ್ದ ನಾಯಿ, ಹಿಂದಿನಿಂದ ಬಂದು ಮುಟ್ಟುತ್ತದೆ ಎಂದು ಹೊರಟರು. "ಬಾಳ ದೂರ ಓಡಿ ಬಂತಪಾ ತಮ್ಮಾ, ಕನ್ನಡಿಯಾಗ ಕಾಣತಿತ್ತು. ಆಮ್ಯಾಲ ಕಾಣ್ಲಿಲ್ಲ." ಮೂರು ದಿನ ತಿರುಗಿ ಹುಡುಕಿದರೂ ಸಿಗಲಿಲ್ಲ. ಏಳು ವರ್ಷ ಹಿಂಡು ಕಾಯ್ದ ನಾಯಿ. ಅಷ್ಟು ಹೇಳಿ ಅವರು ಮಿರಜ ಬರುವವರೆಗೆ ಮಾತಾಡಲಿಲ್ಲ.

ಡ್ರೈವರನದು ಬರೀ ನೆಪ ಎಂದು ನಾನು ಅನ್ನುವುದಿಲ್ಲ. ಇವತ್ತು ಕುರಿ ಹೇರಿದ ಗಾಡಿಗೆ ನಾಳೆ ಒಣದ್ರಾಕ್ಷಿ ಬಾಕ್ಸು ಹೇರಬೇಕು. ಕೂದಲು ಕಂಡರೆ, ವಾಸನೆ ಬಡಿದರೆ ಮಾಲಿನವನು ಮತ್ತೆ ಕರೆಯುವುದಿಲ್ಲ. ನಮ್ಮ ಊರಲ್ಲಿ ಬೇಸಿಗೆಗೆ ಕುಡಿಯುವ ನೀರಿಗೇ ಟ್ಯಾಂಕರ ದಾರಿ ಕಾಯುತ್ತೇವೆ. ಗಾಡಿಗೆ ಪೈಪು ಹಿಡಿದು ತೊಳೆಯಲು ನೀರು ಎಲ್ಲಿಂದ ತರಬೇಕು? ಅದಕ್ಕೇ ನೀರಿಲ್ಲದೆ, ಇಲ್ಲವೆ ಒಂದೇ ಬಕೀಟಿನಲ್ಲಿ, ಗಾಡಿ ಸ್ವಚ್ಛ ಇಡುವುದು ಹೇಗೆಂದು ಕಲಿಯಬೇಕಾಯಿತು. ಕಲಿತದ್ದರಲ್ಲಿ ಮುಕ್ಕಾಲು ಪಾಲು ನಾಯಿ ಹತ್ತುವ ಮೊದಲೇ ಮಾಡುವ ಕೆಲಸ.

1978ರಲ್ಲಿ ಭಾರತ ಸರಕಾರ ಪ್ರಾಣಿಗಳ ಸಾಗಣೆಗೆ ನಿಯಮ ಮಾಡಿದೆ. ಅದರಲ್ಲಿ ನಾಯಿಗಳಿಗೇ ಬೇರೆ ಭಾಗವಿದೆ. ಹೊರಡುವ ಕನಿಷ್ಠ 2 ತಾಸು ಮೊದಲು ಅನ್ನನೀರು ಕೊಡಬೇಕು. ಹೊರಡುವ ಹೊತ್ತಿಗೆ ಸ್ವಲ್ಪ ಅಡ್ಡಾಡಿಸಬೇಕು. ದಾರಿಯಲ್ಲಿ ಬೇಸಿಗೆಯಾದರೆ 4 ತಾಸಿಗೊಮ್ಮೆ, ಚಳಿಗಾಲವಾದರೆ 6 ತಾಸಿಗೊಮ್ಮೆ ನೀರು ಕುಡಿಸಬೇಕು. ಇದು ನಾಯಿಯ ಸುಖಕ್ಕೆ ಮಾಡಿದ ನಿಯಮ, ಆದರೆ ಗಾಡಿಯ ಸ್ವಚ್ಛತೆಗೂ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಹೊಟ್ಟೆ ತುಂಬ ರೊಟ್ಟಿ ತಿನ್ನಿಸಿ ಕೂಡಲೇ ಹತ್ತಿಸಿದರೆ ಮೊದಲ ತಿರುವಿನಲ್ಲೇ ವಾಂತಿ. ಎರಡು ತಾಸು ಬಿಟ್ಟು, ಹೊಲದಲ್ಲಿ ಒಂದು ಸುತ್ತು ಹಾಕಿಸಿ ಹತ್ತಿಸಿದರೆ ವಾಂತಿಯೂ ಕಡಿಮೆ, ಉಚ್ಚೆಯೂ ಕಡಿಮೆ.

ಕಾಲಿಗೆ ಎರೆಮಣ್ಣು ಮೆತ್ತಿದ್ದರೆ ಹಸಿಯಿದ್ದಾಗ ಒರೆಸಬಾರದು, ಇನ್ನಷ್ಟು ಬಳಿದುಕೊಳ್ಳುತ್ತದೆ. ಬಿಸಿಲಿಗೆ ಒಣಗಲು ಬಿಟ್ಟು ಕೈಯಿಂದ ತಿಕ್ಕಿದರೆ ಉದುರಿ ಹೋಗುತ್ತದೆ. ಮೈಯನ್ನು ಗೋಣಿತಟ್ಟಿನಿಂದ ಒಮ್ಮೆ ಉಜ್ಜಿದರೆ ಸಡಿಲಾದ ಕೂದಲು ಹೊರಗೇ ಉಳಿಯುತ್ತದೆ. ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ಉಣ್ಣೆಹುಳ ಇದೆಯೋ ನೋಡಬೇಕು. ಕುರಿಗೆ, ಎಮ್ಮೆಗೆ ಹಚ್ಚುವ ಔಷಧವನ್ನು ಅಂದಾಜಿನಿಂದ ನಾಯಿಗೆ ಸುರಿಯಬಾರದು, ಅದಕ್ಕೆ ವಿಷವಾದೀತು. ದನದ ದವಾಖಾನೆಯಲ್ಲಿ ಕೇಳಿದರೆ ನಾಯಿಯ ಔಷಧವನ್ನೇ ಹೇಳುತ್ತಾರೆ.

ಕ್ಯಾಬಿನ್ನಿನಲ್ಲಿ ಕೂರಿಸುವುದಾದರೆ ಕೆಳಗೆ ತಾಡಪತ್ರಿ ತುಂಡು, ಅದರ ಮೇಲೆ ಹಳೆಯ ಕೌದಿ. ಸೀಟಿನ ಬೆನ್ನಿನಿಂದ ಕಾಲಿಡುವ ಜಾಗದವರೆಗೆ ಒಂದೇ ಹಾಸು ಇರಬೇಕು, ಸಂದಿ ಇರಬಾರದು. ನಮ್ಮ ಮನೆಯವರು ಹರಿದ ಸೀರೆಗಳಿಂದ ಇದಕ್ಕೆಂದೇ ಎರಡು ಕೌದಿ ಹೊಲಿದುಕೊಟ್ಟಿದ್ದಾರೆ. ಒಂದು ಗಾಡಿಯಲ್ಲಿ, ಒಂದು ಬಿಸಿಲಲ್ಲಿ. ಕಿಡಕಿ ಅರ್ಧ ತೆರೆದಿರಲಿ, ನಾಯಿಯ ತಲೆ ಹೊರಗೆ ಹೋಗದಿರಲಿ. ಧೂಳು, ಕಲ್ಲು ಕಣ್ಣಿಗೆ ಬಡಿಯುತ್ತವೆ. ಚಹಾ ಕುಡಿಯಲು ಇಳಿದಾಗ ಕಿಡಕಿ ಏರಿಸಿ ನಾಯಿಯನ್ನು ಒಳಗೆ ಬಿಡಲೇಬಾರದು. ಹೊರಗೆ ಹಿತವಾದ 24 ಡಿಗ್ರಿ ಇದ್ದಾಗಲೂ ಮುಚ್ಚಿದ ಗಾಡಿಯೊಳಗೆ 10 ನಿಮಿಷದಲ್ಲಿ ಸುಮಾರು 34 ಡಿಗ್ರಿ, ಅರ್ಧ ತಾಸಿನಲ್ಲಿ 43 ಡಿಗ್ರಿ ಆಗುತ್ತದೆ. ನಮ್ಮ ಏಪ್ರಿಲ್ ಬಿಸಿಲಿನ ಲೆಕ್ಕ ನೀವೇ ಹಾಕಿರಿ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವ ಪ್ರಾಣಿಯಲ್ಲ, ನಾಲಗೆ ಚಾಚಿ ತೇಗಿಯೇ ಮೈ ತಂಪು ಮಾಡಿಕೊಳ್ಳಬೇಕು.

ಹಿಂದೆ ಕುರಿಯ ಜೊತೆ ಹಾಕುವುದಾದರೆ ಹಲಗೆ ಅಡ್ಡವಿಟ್ಟು ಒಂದು ಮೂಲೆ ಬೇರೆ ಮಾಡಬೇಕು. ಕಬ್ಬಿಣದ ತಳ ಕಾಲು ಸುಡದಂತೆ ಗೋಣಿ ಹಾಸಬೇಕು. ಸರಪಳಿ ಗಿಡ್ಡ ಇರಬೇಕು. ಉದ್ದ ಇದ್ದರೆ ಜಿಗಿದು ಹೊರಗೆ ನೇತುಬಿದ್ದು ಉರುಲಾಗುತ್ತದೆ.

ಮೂಲೆ ಬೇರೆ ಮಾಡುವುದಕ್ಕೆ ಇನ್ನೊಂದು ದೊಡ್ಡ ಕಾರಣವಿದೆ. ಕುರಿ ಒಂದೇ ಕಡೆ ಗಿರಗಿರ ತಿರುಗಿ, ತಲೆ ವಾರೆ ಮಾಡಿ ಸಾಯುವುದನ್ನು ನಮ್ಮಲ್ಲಿ ಅನೇಕರು ನೋಡಿದ್ದಾರೆ. ದೆವ್ವ ಹೊಕ್ಕಿತು ಅನ್ನುವವರೂ ಇದ್ದಾರೆ. ಅದು ನಾಯಿಯ ಹೊಟ್ಟೆಯ ಲಾಡಿಹುಳುವಿನ ಕೆಲಸ. ಹುಳುವಿನ ತತ್ತಿ ನಾಯಿಯ ಹೇಲಿನಲ್ಲಿ ಬಿದ್ದು ಮೇವಿಗೆ ಹತ್ತುತ್ತದೆ, ಮೇವಿನಿಂದ ಕುರಿಯ ಹೊಟ್ಟೆಗೆ ಹೋಗಿ ಮಿದುಳಿನಲ್ಲಿ ನೀರಿನ ಗುಳ್ಳೆಯಾಗುತ್ತದೆ. ಸತ್ತ ಕುರಿಯ ತಲೆಯನ್ನು ನಾಯಿಗೆ ಎಸೆದರೆ ಹುಳು ಮತ್ತೆ ನಾಯಿಗೆ ಬರುತ್ತದೆ. ಇದೇ ಜಾತಿಯ ಇನ್ನೊಂದು ಸಣ್ಣ ಹುಳುವಿನ ತತ್ತಿ ನಮ್ಮ ಮಕ್ಕಳ ಬಾಯಿಗೆ ಹೋದರೆ ಯಕೃತ್ತಿನಲ್ಲಿ, ಪುಪ್ಪುಸದಲ್ಲಿ ಗುಳ್ಳೆ ಏಳುತ್ತವೆ. ಹೀಗೆ ಗಾಡಿಯ ತಳದಲ್ಲಿ ಬಿದ್ದ ಒಂದು ಹಿಡಿ ಹೊಲಸು ಹಿಂಡಿಗೂ ಮನೆಗೂ ಮುಟ್ಟುತ್ತದೆ. ನಾಯಿಗೆ ಮೂರು ತಿಂಗಳಿಗೊಮ್ಮೆ ಜಂತಿನ ಗುಳಿಗೆ, ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿರಿ. ಕುರಿಯ ಹಸಿ ತಲೆ, ಕರುಳು ಹಾಕಬೇಡಿರಿ.

ಇಳಿದ ಮೇಲಿನ ಕೆಲಸ ಅರ್ಧ ತಾಸಿನದು. ಹೇಲನ್ನು ಮೊದಲು ಸಲಿಕೆಯಿಂದ ತೆಗೆದು ಹೂಳಬೇಕು, ಆಮೇಲೆ ಬೇರೆಲ್ಲ. ಫಿನಾಯಿಲ್ ಸುರಿದರೆ ವಾಸನೆ ಮುಚ್ಚುತ್ತದೆ, ಆ ತತ್ತಿ ಸಾಯುವುದಿಲ್ಲ. ಅದಕ್ಕೆ ಕುದಿಯುವ ನೀರೇ ಬೇಕು. ತಳದ ಆ ಜಾಗಕ್ಕೆ ಒಂದು ಕೆಟಲಿ ಕುದಿನೀರು ಸುರಿದು, ಗಾಡಿಯ ಹಿಂಬಾಗಿಲು ತೆರೆದು ದಿನವಿಡೀ ಬಿಸಿಲಿಗೆ ನಿಲ್ಲಿಸುತ್ತೇನೆ. ಬಿಸಿಲಿಗೆ ಮಾತ್ರ ನಮ್ಮಲ್ಲಿ ಬರಗಾಲವಿಲ್ಲ. ಫಿನಾಯಿಲ್ ಒದ್ದೆಯಿರುವಾಗ ನಾಯಿ ಹತ್ತಿದರೆ ಅಂಗಾಲು ಉರಿಯುತ್ತದೆ, ನೆಕ್ಕಿದರೆ ವಿಷ. ಉಚ್ಚೆ ಬಿದ್ದಲ್ಲಿ ಒಲೆಯ ಬೂದಿ ಚೆಲ್ಲಿ ಹೀರಿಸಿ, ಗುಡಿಸಿ, ಅಡುಗೆ ಸೋಡಾ ಉದುರಿಸಿ ರಾತ್ರಿ ಬಿಡುತ್ತೇನೆ. ವಾಸನೆ ಉಳಿದರೆ ಮುಂದಿನ ನಾಯಿ ಅಲ್ಲೇ ಕಾಲೆತ್ತುತ್ತದೆ. ಸೀಟಿಗೆ ಅಂಟಿದ ಕೂದಲಿಗೆ ಸೈಕಲ್ಲಿನ ಹಳೆಯ ಟ್ಯೂಬಿನ ತುಂಡು ಸಾಕು. ಸ್ವಲ್ಪ ಒದ್ದೆ ಮಾಡಿ ಒಂದೇ ದಿಕ್ಕಿಗೆ ಎಳೆದರೆ ಕೂದಲು ಉಂಡೆಯಾಗಿ ಬರುತ್ತದೆ. ಕಡೆಗೆ ಸೋಪಿನಿಂದ ಕೈ.

ಇದರಲ್ಲಿ ಕುರಿಗಾರರೂ ಕೈ ಹಚ್ಚುತ್ತಾರೆ. ನಾನು ನಾಯಿಗೆ ಬೇರೆ ಬಾಡಿಗೆ ಕೇಳುವುದಿಲ್ಲ, ಅವರು ಗುಡಿಸದೆ ಇಳಿದು ಹೋಗುವುದಿಲ್ಲ. ಇದು ನಮ್ಮ ನಮ್ಮೊಳಗಿನ ಕರಾರು.

ಮುಧೋಳ ನಮಗೆ ಬಹಳ ದೂರವಲ್ಲ. ಅಲ್ಲಿಯ ನಾಯಿಯ ಚಿತ್ರ 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು. ತಿಮ್ಮಾಪುರದಲ್ಲಿ ಆ ತಳಿಗೆಂದೇ ಸಂಶೋಧನಾ ಕೇಂದ್ರವಿದೆ, ಸೈನ್ಯವೂ ಅದನ್ನು ತರಬೇತಿಗೆ ಒಯ್ದಿದೆ. ನಮ್ಮ ಮಹಾರಾಷ್ಟ್ರದ ಕಡೆ ಕಾರವಾನಿ ಎನ್ನುವುದು ಆ ಬಳಗದ ನಾಯಿಯನ್ನೇ. ಅಷ್ಟು ಮಾನ ಪಡೆದ ಬಳಗ ನಮ್ಮ ಸೀಮೆಯಲ್ಲಿ ಗಾಡಿಯ ಹಿಂದೆ ಓಡಬಾರದು. ಜಾತಿ ಗೊತ್ತಿಲ್ಲದ ಬೀದಿಯ ಕರಿಯನೂ ಓಡಬಾರದು, ಕಾಯುವ ಕೆಲಸ ಎರಡರದೂ ಒಂದೇ.

ಗುರುಗಳಲ್ಲಿ ಒಂದು ವಿನಂತಿ: ಕುರಿ ತಿರುಗುವ ರೋಗದ ಈ ಸುತ್ತನ್ನು ಶಾಲೆಯ ಹಲಗೆಯ ಮೇಲೆ ಬರೆದು ತೋರಿಸಿರಿ. ಹಟ್ಟಿಯಿಂದ ಬರುವ ಮಕ್ಕಳು ಅದನ್ನು ಮನೆಗೆ ಮುಟ್ಟಿಸುತ್ತಾರೆ. ಕುರಿಗಾರ ಅಣ್ಣಂದಿರಿಗೆ ಹೇಳುವುದು ಇಷ್ಟೇ: ಗಾಡಿ ಗೊತ್ತುಮಾಡುವಾಗ ಕುರಿ ಎಷ್ಟು, ಮರಿ ಎಷ್ಟು ಎಂದು ಹೇಳುವ ಹಾಗೆಯೇ ನಾಯಿ ಎಷ್ಟು ಎಂಬುದನ್ನೂ ಮೊದಲೇ ಹೇಳಿರಿ. ಕೌದಿ ನಾವು ತರುತ್ತೇವೆ.